ಪ್ರಕಾಶ್ ಪಡುಕೋಣೆ: ಅಂಕಣದ ಒಳಗೂ ಅಂಚಿನಲ್ಲೂ

ಪ್ರಕಾಶ್ ಪಡುಕೋಣೆ ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಹೆಸರಿನಲ್ಲಿರುವ ಪಡುಕೋಣೆ ಮಾತ್ರ ಕರಾವಳಿಯದು. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಮಗ್ಗುಲಲ್ಲಿ ಹುಟ್ಟುವ ಸೌಪರ್ಣಿಕೆ ಘಟ್ಟವಿಳಿದು, ಕೊಲ್ಲೂರನ್ನು ಹಾದು, ಕಡಲು ಸೇರುವ ಮುಂಚೆ ಮರವಂತೆಯ ಹತ್ತಿರ ಬಳಸಿ ಹರಿಯುತ್ತದೆ. ಅದರ ದಡದ ಊರು ಪಡುಕೋಣೆ. ಕರಾವಳಿಯಿಂದ ಬೆಂಗಳೂರಿಗೆ ಬಂದ ಚಿತ್ರಾಪುರ ಸಾರಸ್ವತ ಕುಟುಂಬಗಳಲ್ಲಿ ಹಲವು ಮಲ್ಲೇಶ್ವರದಲ್ಲಿ ನೆಲೆ ನಿಂತು, ಕೆನರಾ ಯೂನಿಯನ್ ಎಂಬ ಸಂಘ ಕಟ್ಟಿಕೊಂಡವು. ಆ ಸಂಘದ ಹಾಲ್‌ನಲ್ಲಿ ಮದುವೆ, ಮುಂಜಿಗಳು ನಡೆಯುತ್ತಿದ್ದವು. ಶುಭಕಾರ್ಯವಿಲ್ಲದ ದಿನ ಅದೇ ಹಾಲ್ ಶಟಲ್ ಅಂಕಣ.

ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿ ಬಹಳ ವರ್ಷ ದುಡಿದವರು. ಹುಡುಗನ ಕೈಗೆ ರ್‍ಯಾಕೆಟ್ ಬಂದದ್ದು ಹೀಗೆ ಮನೆಯಿಂದಲೇ. ಶಾಲೆ ಬಿಟ್ಟೊಡನೆ ಹಾಲ್‌ನತ್ತ ಓಡುವುದು, ಅಲ್ಲಿ ಚಪ್ಪರ ಕಂಡರೆ ಹಿಂದಿರುಗುವುದು, ಖಾಲಿ ಕಂಡರೆ ಕತ್ತಲಾಗುವವರೆಗೆ ಆಡುವುದು. ಇದನ್ನು ಅವರು ಮುಂದೆ ಮಕ್ಕಳಿಗೆ ಬರೆದ ಪತ್ರದಲ್ಲೂ ನೆನೆದಿದ್ದಾರೆ. ವಿಶ್ವದ ಅಗ್ರ ಆಟಗಾರನಾದವನ ಮೊದಲ ಅಂಕಣಕ್ಕೆ ಮುಹೂರ್ತದ ಪಂಚಾಂಗ ಅಡ್ಡ ಬರುತ್ತಿತ್ತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ನಲವತ್ತನೆಯ ವಯಸ್ಸಿನ ಹೊಸ್ತಿಲಲ್ಲಿ ಅವರು ಅಕಾಡೆಮಿ ಕಟ್ಟಲು ಹೊರಟದ್ದೇಕೆಂದು ತಿಳಿಯುತ್ತದೆ.

ಮಲೆನಾಡಿನ ಅಂಗಳಗಳಲ್ಲಿ, ಅಡಿಕೆ ಒಣಗಿಸಿ ಗುಡಿಸಿದ ಜಾಗದಲ್ಲಿ ಎರಡು ಕಂಬಕ್ಕೆ ಬಲೆ ಕಟ್ಟಿ ಶಟಲ್ ಆಡಿದವರಿಗೆಲ್ಲ ಗಾಳಿಯ ಕಾಟ ಗೊತ್ತು. ಹದಿನಾರು ಗರಿಗಳ ಈ ಶಟಲ್‌ನ ತೂಕ ಐದು ಗ್ರಾಂ ಆಸುಪಾಸು. ಸಣ್ಣ ಬೀಸುಗಾಳಿಗೂ ಅದು ದಾರಿ ತಪ್ಪುತ್ತದೆ. ಹಾಗಾಗಿಯೇ ದಕ್ಷಿಣ ಭಾರತದ ಬಯಲುಗಳಲ್ಲಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಬೇರೂರಿತು. ಗರಿಯ ಶಟಲ್‌ಗೆ ನಾಲ್ಕು ಗೋಡೆ ಬೇಕು, ಎತ್ತರದ ಮಾಡು ಬೇಕು. 44 ಅಡಿ ಉದ್ದದ ಅಂಕಣ, ನಡುವೆ ಐದಡಿ ಎತ್ತರದ ಬಲೆ. ಸಿಂಗಲ್ಸ್‌ಗೆ ಅಗಲ 17 ಅಡಿಯಷ್ಟೇ. ರ್‍ಯಾಕೆಟ್ ಬಿಟ್ಟ ಗಳಿಗೆಯಲ್ಲಿ ಶಟಲ್‌ಗಿರುವ ವೇಗ ಬೇರಾವ ಆಟದ ಚೆಂಡಿಗೂ ಸುಲಭವಾಗಿ ಸಿಕ್ಕದು. ಆದರೆ ಗರಿಗಳು ಗಾಳಿಯನ್ನು ಹಿಡಿದು ಆ ವೇಗವನ್ನು ಕೆಲವೇ ಅಡಿಗಳಲ್ಲಿ ತಿಂದುಬಿಡುತ್ತವೆ. ಆದ್ದರಿಂದ ಈ ಆಟದಲ್ಲಿ ಬಲ ಎಷ್ಟು ಮುಖ್ಯವೋ ಮರೆಮಾಚುವ ಕಲೆಯೂ ಅಷ್ಟೇ ಮುಖ್ಯ. ತೋಳು ಸ್ಮ್ಯಾಶ್ ಹೊಡೆಯುವಂತೆಯೇ ಬೀಸಿ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಡೆಯುತ್ತದೆ, ಶಟಲ್ ಬಲೆಯ ಆಚೆ ತೊಟ್ಟಿಕ್ಕಿದಂತೆ ಬೀಳುತ್ತದೆ. ಎದುರಾಳಿ ಅಷ್ಟರಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟಾಗಿರುತ್ತದೆ. ಪ್ರಕಾಶರ ಆಟದ ಜೀವಾಳ ಈ ಮಣಿಕಟ್ಟು.

ಬ್ಯಾಡ್ಮಿಂಟನ್‌ನ ಮೊದಲ ನಿಯಮಗಳು ರೂಪುಗೊಂಡದ್ದು 1870ರ ದಶಕದ ಪುಣೆಯಲ್ಲಿ, ಬ್ರಿಟಿಷ್ ಸೈನಿಕ ಅಧಿಕಾರಿಗಳ ನಡುವೆ. ಆಟಕ್ಕೆ ಆಗ ಪೂನಾ ಎಂದೇ ಹೆಸರಿತ್ತು. ಅದು ಇಂಗ್ಲೆಂಡಿಗೆ ಹೋಗಿ, 1899ರಿಂದ ಆಲ್ ಇಂಗ್ಲೆಂಡ್ ಚಾಂಪಿಯನ್‌ಷಿಪ್ ನಡೆಯತೊಡಗಿತು. 1977ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾಗುವವರೆಗೂ ಆಲ್ ಇಂಗ್ಲೆಂಡ್ ಗೆದ್ದವನೇ ಲೆಕ್ಕಕ್ಕೆ ವಿಶ್ವ ಚಾಂಪಿಯನ್. ಭಾರತದ ಪ್ರಕಾಶ್ ನಾಥ್ 1947ರಲ್ಲಿ ಅದರ ಫೈನಲ್ ತಲುಪಿ ಸೋತರು. ನಂದು ನಾಟೇಕರ್ 1956ರಲ್ಲಿ ಮಲಯಾದಲ್ಲಿ ಸೆಲಂಗೂರ್ ಟೂರ್ನಿ ಗೆದ್ದು, ವಿದೇಶದಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ದಿನೇಶ್ ಖನ್ನಾ 1965ರಲ್ಲಿ ಏಷ್ಯಾ ಚಾಂಪಿಯನ್ ಆದರು. ಹೀಗೆ ಒಬ್ಬೊಬ್ಬರೇ ಒಂಟಿಯಾಗಿ ಮೇಲೇರಿದರು. ಅವರ ಹಿಂದೆ ಸಾಲು ಇರಲಿಲ್ಲ.

ಪ್ರಕಾಶರದೂ ಮೊದಲು ಅದೇ ಒಂಟಿ ದಾರಿ. ಆಡಿದ ಮೊದಲ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತರು. ಎರಡು ವರ್ಷ ಕಳೆದು ಆ ಪ್ರಶಸ್ತಿಯನ್ನೇ ಗೆದ್ದರು. ಹದಿನಾರರ ಹರೆಯದಲ್ಲಿ ರಾಷ್ಟ್ರೀಯ ಜೂನಿಯರ್ ಮತ್ತು ಸೀನಿಯರ್ ಕಿರೀಟಗಳೆರಡೂ ಒಂದೇ ಋತುವಿನಲ್ಲಿ ಅವರ ತಲೆಗೇರಿದವು. 1971ರಿಂದ 1979ರವರೆಗೆ ಸತತ ಒಂಬತ್ತು ಬಾರಿ ಅವರೇ ರಾಷ್ಟ್ರೀಯ ಚಾಂಪಿಯನ್. ಅರ್ಜುನ ಪ್ರಶಸ್ತಿ 1972ರಲ್ಲೇ ಬಂತು. ಇಂಡೊನೇಷ್ಯಾದ ರೂಡಿ ಹಾರ್ಟೊನೊ ಆ ಕಾಲದ ದಿಗ್ಗಜ. ಎಂಟು ಬಾರಿ ಆಲ್ ಇಂಗ್ಲೆಂಡ್ ಗೆದ್ದ ಆತನ ಆಕ್ರಮಣದ ಆಟ ನೋಡಿ ಪ್ರಕಾಶ್ ತಮ್ಮ ಆಟವನ್ನು ತಿದ್ದಿಕೊಂಡರು. ತಿದ್ದಿ ಹೇಳುವ ಗುರು ದಿನವೂ ಪಕ್ಕದಲ್ಲಿರಲಿಲ್ಲ. ಕಣ್ಣಲ್ಲಿ ಕಂಡದ್ದನ್ನು ಕೈಗೆ ತಂದುಕೊಳ್ಳುವುದೊಂದೇ ಅವರಿಗಿದ್ದ ಪಾಠ.

ದೇಶದೊಳಗೆ ಒಂಬತ್ತು ವರ್ಷ ಸೋಲದವನಿಗೆ ದೇಶದೊಳಗೆ ಕಲಿಯಲು ಉಳಿಯುವುದು ಕಡಿಮೆ. ಅಭ್ಯಾಸಕ್ಕೆ ಸರಿಸಾಟಿಯಾದವರು ಸಿಗದೆ ಹೋಗುವುದು ಚಾಂಪಿಯನ್‌ನ ದೊಡ್ಡ ಕಷ್ಟ. ಯೂನಿಯನ್ ಬ್ಯಾಂಕ್‌ನ ನೌಕರಿ, ವರ್ಷದಲ್ಲಿ ಕೆಲವು ವಾರಗಳ ರಾಷ್ಟ್ರೀಯ ಶಿಬಿರ, ಆಗೊಮ್ಮೆ ಈಗೊಮ್ಮೆ ವಿದೇಶ ಪ್ರವಾಸ. ಈ ಇತಿಮಿತಿಯಲ್ಲೇ 1978ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಇಂಗ್ಲೆಂಡಿನ ಡೆರೆಕ್ ಟಾಲ್ಬಟ್‌ರನ್ನು ಸೋಲಿಸಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ಗೆದ್ದರು. ಮರುವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ‘ಈವನಿಂಗ್ ಆಫ್ ಚಾಂಪಿಯನ್ಸ್’ ಕೂಡ ಅವರದಾಯಿತು. ಹವ್ಯಾಸಿಗಳ ಆಟವೆಂದೇ ನಡೆದುಬಂದಿದ್ದ ಬ್ಯಾಡ್ಮಿಂಟನ್‌ನಲ್ಲಿ ಹಣದ ಬಹುಮಾನದ ಕಾಲ ಆಗಷ್ಟೇ ಕಣ್ಣು ಬಿಡುತ್ತಿತ್ತು.

1980ರ ಮಾರ್ಚ್ ತಿಂಗಳಿಗೆ ಭಾರತದ ಕ್ರೀಡಾ ಇತಿಹಾಸದಲ್ಲಿ ಪ್ರತ್ಯೇಕ ಪುಟವೇ ಬೇಕು. ಡೆನ್ಮಾರ್ಕ್ ಓಪನ್ ಗೆದ್ದರು, ಸ್ವೀಡನ್ ಓಪನ್ ಗೆದ್ದರು, ಅದೇ ಓಟದಲ್ಲಿ ಆಲ್ ಇಂಗ್ಲೆಂಡ್ ಆಡಲು ವೆಂಬ್ಲಿಗೆ ಬಂದಿಳಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಡೆನ್ಮಾರ್ಕಿನ ಹಿರಿಯ ಸ್ವೆಂಡ್ ಪ್ರಿ, ಸೆಮಿಫೈನಲ್‌ನಲ್ಲಿ ಅದೇ ದೇಶದ ಕಿರಿಯ ಮಾರ್ಟೆನ್ ಫ್ರಾಸ್ಟ್. ಇಬ್ಬರನ್ನೂ ನೇರ ಗೇಮ್‌ಗಳಲ್ಲಿ ದಾಟಿದರು. ಮಾರ್ಚ್ 23ರ ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಇಂಡೊನೇಷ್ಯಾದ ಲಿಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷಗಳ ಚಾಂಪಿಯನ್ ಆತ. ನೆಗೆದು ಗಾಳಿಯಲ್ಲೇ ನಿಂತಂತೆ ಹೊಡೆಯುತ್ತಿದ್ದ ಆತನ ಸ್ಮ್ಯಾಶ್‌ಗೆ ಜಗತ್ತು ಆತನ ಹೆಸರನ್ನೇ ಇಟ್ಟಿತ್ತು.

ಪ್ರಕಾಶ್ ಆ ವೇಗಕ್ಕೆ ವೇಗದಿಂದ ಉತ್ತರ ಕೊಡಲು ಹೋಗಲಿಲ್ಲ. ಆಟದ ಗತಿಯನ್ನೇ ಇಳಿಸಿದರು. ಕಿಂಗ್ ನೆಗೆಯಬಹುದಾದ ಎತ್ತರಕ್ಕೆ ಶಟಲ್ ಸಿಗದಂತೆ ಆಡಿದರು. ಬೇಸ್‌ಲೈನ್ ಅಂಚಿಗೆ ಒಂದು ಟಾಸ್, ಆ ಬೆನ್ನಿಗೇ ಬಲೆಯ ಬುಡಕ್ಕೆ ಒಂದು ಡ್ರಾಪ್, ಪೂರ್ತಿ ಹೊಡೆಯದ ಅರೆ ಸ್ಮ್ಯಾಶ್ ಒಂದು ಬದಿಗೆ. ಸರ್ವ್ ಮಾಡಿದವನಿಗೆ ಮಾತ್ರ ಅಂಕ ಸಿಗುತ್ತಿದ್ದ ಹಳೆಯ ಪದ್ಧತಿಯಲ್ಲಿ ತಾಳ್ಮೆಗೆಟ್ಟವನು ಬೇಗ ಬೀಳುತ್ತಿದ್ದ. ಮೊದಲ ಗೇಮ್ 15-3. ಎರಡನೆಯದರಲ್ಲಿ ಕಿಂಗ್ ಪ್ರತಿರೋಧ ತೋರಿದರೂ 15-10ಕ್ಕೆ ಆಟ ಮುಗಿಯಿತು. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ, ಅದೇ ವರ್ಷ ವಿಶ್ವದ ಒಂದನೇ ರ್‍ಯಾಂಕ್. ಕಿಂಗ್‌ನಂಥ ಆಟಗಾರನಿಗೆ ಫೈನಲ್‌ನ ಮೊದಲ ಗೇಮಿನಲ್ಲಿ ಮೂರೇ ಅಂಕ ಬಿಟ್ಟುಕೊಟ್ಟದ್ದು ಬಾಹುಬಲದಿಂದಲ್ಲ, ಬುದ್ಧಿಯಿಂದ. ಭಾರತೀಯರು ಆಡಿದ ಶ್ರೇಷ್ಠ ಪಂದ್ಯಗಳ ಯಾವ ಪಟ್ಟಿಯಲ್ಲೂ ಈ ಫೈನಲ್‌ಗೆ ಮುಂಚೂಣಿಯ ಸ್ಥಾನ ಸಲ್ಲಬೇಕು.

ಗೆದ್ದ ಮೇಲೆ ಪ್ರಕಾಶ್ ಊರಲ್ಲಿ ಉಳಿಯಲಿಲ್ಲ. ಕೋಪನ್‌ಹೇಗನ್‌ಗೆ ಹೋಗಿ ಹ್ವಿದೋವ್ರೆ ಕ್ಲಬ್ ಸೇರಿದರು. ಭಾರತೀಯ ಬ್ಯಾಡ್ಮಿಂಟನ್ ಆಟಗಾರನೊಬ್ಬ ಆಟವನ್ನೇ ಪೂರ್ಣಾವಧಿಯ ಕಸುಬಾಗಿಸಿಕೊಂಡು ಯುರೋಪಿನಲ್ಲಿ ನೆಲೆಸುವುದು ಆಗ ಹೊಸ ಸಂಗತಿ. ಡೆನ್ಮಾರ್ಕ್ ಜನಸಂಖ್ಯೆಯಲ್ಲಿ ಅಂದಿನ ಕರ್ನಾಟಕದ ಏಳನೇ ಒಂದು ಭಾಗದಷ್ಟಿದ್ದ ದೇಶ. ಆದರೆ ಅಲ್ಲಿ ಸಣ್ಣಪುಟ್ಟ ಊರುಗಳಲ್ಲೂ ಕ್ಲಬ್ ಇತ್ತು, ಹಾಲ್ ಇತ್ತು, ಹಿರಿಯರ ಪಕ್ಕದ ಅಂಕಣದಲ್ಲೇ ಮಕ್ಕಳು ಆಡುತ್ತಿದ್ದರು. ಮುಂದೆ ನಾಲ್ಕು ಬಾರಿ ಆಲ್ ಇಂಗ್ಲೆಂಡ್ ಗೆದ್ದ ಫ್ರಾಸ್ಟ್‌ನಂಥವನ ಜೊತೆ ದಿನನಿತ್ಯದ ಅಭ್ಯಾಸ. ಟೂರ್ನಿಯಲ್ಲಿ ಎದುರಾಗುವವರೇ ಸೋಮವಾರ ಅಭ್ಯಾಸದ ಜೊತೆಗಾರರು. ಒಳ್ಳೆಯ ಆಟಗಾರನನ್ನು ಇನ್ನೂ ಒಳ್ಳೆಯವನಾಗಿಸುವುದು ತನ್ನಷ್ಟೇ ಒಳ್ಳೆಯವರ ನಿತ್ಯದ ಸಹವಾಸ ಎಂಬುದನ್ನು ಪ್ರಕಾಶ್ ಅಲ್ಲಿ ಅನುಭವದಿಂದ ಕಂಡರು. ಅಕಾಡೆಮಿಯ ಬೀಜ ಬಿದ್ದದ್ದು ಇಲ್ಲೇ ಎಂದರೆ ತಪ್ಪಾಗದು.

ಡೆನ್ಮಾರ್ಕಿನ ವರ್ಷಗಳ ಫಸಲೂ ಚೆನ್ನಾಗಿಯೇ ಇತ್ತು. 1981ರಲ್ಲಿ ಕ್ವಾಲಾಲಂಪುರದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಚೀನಾದ ಹಾನ್ ಜಿಯಾನ್ ವಿರುದ್ಧ ಮೊದಲ ಗೇಮನ್ನು 15-0ರಿಂದ ಗೆದ್ದರು. ಎರಡನೆಯದು 18-16ರವರೆಗೆ ಎಳೆದಾಡಿ ಪ್ರಕಾಶರ ಕಡೆಗೇ ವಾಲಿತು. 1982ರಲ್ಲಿ ಪದ್ಮಶ್ರೀ. 1983ರಲ್ಲಿ ಕೋಪನ್‌ಹೇಗನ್‌ನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಇಂಡೊನೇಷ್ಯಾದ ಇಚುಕ್ ಸುಗಿಯಾರ್ತೊಗೆ ಸೋತು ಕಂಚು ಪಡೆದರು. ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ದೊರೆತ ಮೊದಲ ಪದಕವದು. ಎರಡನೆಯದಕ್ಕೆ ದೇಶ ಕಾಯಬೇಕಾಗಿ ಬಂದದ್ದು 2011ರವರೆಗೆ. ಆಗ ಮಹಿಳಾ ಡಬಲ್ಸ್‌ನಲ್ಲಿ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಕಂಚು ತಂದರು. ನಡುವಿನ 28 ವರ್ಷಗಳ ಬರಗಾಲವೇ ಪ್ರಕಾಶರ ಮುಂದಿನ ಬದುಕಿನ ಹಿನ್ನೆಲೆ.

ಊರಿನಲ್ಲಿ ಅಷ್ಟರಲ್ಲಿ ಸೈಯದ್ ಮೋದಿಯ ಕಾಲ ಬಂದಿತ್ತು. ಪ್ರಕಾಶರ ರಾಷ್ಟ್ರೀಯ ಕಿರೀಟದ ಸಾಲನ್ನು ಮುರಿದು, 1980ರಿಂದ 1987ರವರೆಗೆ ಎಂಟು ಬಾರಿ ಚಾಂಪಿಯನ್ ಆದವರು ಮೋದಿ. 1988ರ ಜುಲೈನಲ್ಲಿ ಲಖನೌದಲ್ಲಿ ಗುಂಡೇಟಿಗೆ ಬಲಿಯಾದರು. ಪ್ರಕಾಶರಿಗೂ ವಯಸ್ಸು ಮುಂದೆ ಸಾಗಿತ್ತು. 1991ರಲ್ಲಿ ಅವರು ಆಟದಿಂದ ನಿವೃತ್ತರಾದರು. ಮರುವರ್ಷ ಬಾರ್ಸಿಲೋನಾದಲ್ಲಿ ಬ್ಯಾಡ್ಮಿಂಟನ್ ಮೊದಲ ಬಾರಿಗೆ ಒಲಿಂಪಿಕ್ ಪದಕದ ಆಟವಾಯಿತು. ಪದಕಕ್ಕಾಗಿ ಒಲಿಂಪಿಕ್ ಅಂಕಣಕ್ಕಿಳಿಯುವ ಅವಕಾಶ ಭಾರತದ ಅತಿ ದೊಡ್ಡ ಶಟಲ್ ಆಟಗಾರನಿಗೆ ಹೀಗೆ ಒಂದು ವರ್ಷದ ಅಂತರದಲ್ಲಿ ತಪ್ಪಿತು.

1993ರಿಂದ 1996ರವರೆಗೆ ಅವರು ರಾಷ್ಟ್ರೀಯ ತಂಡದ ತರಬೇತುದಾರರು. ವರ್ಷದಲ್ಲಿ ಕೆಲವು ವಾರ ಶಿಬಿರ ನಡೆಸಿ, ಉಳಿದ ದಿನ ಆಟಗಾರನನ್ನು ಅವನ ಪಾಡಿಗೆ ಬಿಟ್ಟರೆ ಚಾಂಪಿಯನ್ ತಯಾರಾಗುವುದಿಲ್ಲ. ತಮ್ಮದೇ ಅನುಭವದಿಂದ ಇದನ್ನು ಬಲ್ಲ ಅವರು 1994ರಲ್ಲಿ ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಅಕಾಡೆಮಿ ತೆರೆದರು. ಜೊತೆಗೆ ನಿಂತವರು ಮಾಜಿ ರಾಷ್ಟ್ರೀಯ ಚಾಂಪಿಯನ್, ಬಾರ್ಸಿಲೋನಾದಲ್ಲಿ ಭಾರತದ ಪರ ಆಡಿದ್ದ ವಿಮಲ್ ಕುಮಾರ್. ಹಣದ ಬೆಂಬಲ ಬಿಪಿಎಲ್ ಕಂಪನಿಯದು. ಅಂಕಣಗಳು ವಸಂತನಗರದ ಬಳಿಯ ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆಯವು. ಖಾಸಗಿ ಕಂಪನಿಯೊಂದು ದುಡ್ಡು ಹಾಕಿ, ಮಾಜಿ ಆಟಗಾರರು ವರ್ಷಪೂರ್ತಿ ಹುಡುಗರನ್ನು ತಿದ್ದುವ ಪದ್ಧತಿ ಕ್ರಿಕೆಟ್‌ನ ಹೊರಗೆ ಭಾರತದಲ್ಲಿ ಅಪರೂಪವಾಗಿತ್ತು.

ಅಲ್ಲಿನ ದಿನಚರಿಯಲ್ಲಿ ಬೆರಗುಗೊಳಿಸುವಂಥದ್ದು ಏನೂ ಇರಲಿಲ್ಲ. ಬೆಳಿಗ್ಗೆ, ಸಂಜೆ ಅಭ್ಯಾಸ. ಶಟಲ್ ಇಲ್ಲದೆಯೇ ಅಂಕಣದ ಆರು ಮೂಲೆಗೆ ಕಾಲು ಹಾಕಿ ಹಿಂದಿರುಗುವ ನೆರಳಾಟ. ತರಬೇತುದಾರ ಒಂದರ ಹಿಂದೊಂದು ಎಸೆಯುವ ಶಟಲ್‌ಗಳನ್ನು ಉಸಿರು ಹಿಡಿದು ಹಿಂದಿರುಗಿಸುವುದು. ಒಂದೇ ಡ್ರಾಪನ್ನು ನೂರಾರು ಬಾರಿ ಹಾಕುವುದು. ಆದರೆ ಇದು ದಿನ ತಪ್ಪದೆ ನಡೆಯಿತು, ಪಕ್ಕದ ಅಂಕಣದಲ್ಲಿ ತನಗಿಂತ ಒಂದು ಕೈ ಮೇಲಿನವನು ಯಾವಾಗಲೂ ಇದ್ದ. ಮುಹೂರ್ತಕ್ಕಾಗಿ ಹಾಲ್ ಬಿಟ್ಟುಕೊಡುವ ಪ್ರಮೇಯ ಬರಲಿಲ್ಲ.

ಮೊದಲ ತಲೆಮಾರಿನಲ್ಲೇ ಫಲ ಕಂಡಿತು. ಮುಂಬೈಯಿಂದ ಬಂದ ಅಪರ್ಣಾ ಪೋಪಟ್ 1996ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನ ಬೆಳ್ಳಿ ಗೆದ್ದರು. ಮುಂದೆ 1998ರಿಂದ 2006ರವರೆಗೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿ ಗುರುವಿನ ದಾಖಲೆಯನ್ನೇ ಸರಿಗಟ್ಟಿದರು. ಆಂಧ್ರದ ಪುಲ್ಲೇಲ ಗೋಪಿಚಂದ್ ಕಥೆ ಇನ್ನೂ ಗಟ್ಟಿಯಾದದ್ದು. 1994ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆಯಾಗಿ, ಮತ್ತೆ ಆಡುವುದೇ ಅನುಮಾನ ಎನ್ನುವ ಸ್ಥಿತಿಯಿಂದ ಎದ್ದು ಬಂದವರು ಅವರು. ಪ್ರಕಾಶರ ಗರಡಿಯಲ್ಲಿ ಪಳಗಿ, 2001ರ ಮಾರ್ಚ್ 11ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಚೀನಾದ ಚೆನ್ ಹಾಂಗ್‌ರನ್ನು 15-12, 15-6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. 21 ವರ್ಷಗಳ ಅಂತರದಲ್ಲಿ ಎರಡು ಕಿರೀಟ. ಎರಡನೆಯದು ಮೊದಲನೆಯವನ ಕೈಕೆಳಗೆ ಕಲಿತವನದು. ಗೋಪಿಚಂದ್ ಕೂಡ ಮುಂದೆ ತರಬೇತುದಾರರಾದರು. ಹೈದರಾಬಾದಿನ ಅವರ ಅಕಾಡೆಮಿಯಿಂದ ಸೈನಾ ನೆಹ್ವಾಲ್ ಲಂಡನ್ ಒಲಿಂಪಿಕ್ಸ್‌ನ ಕಂಚಿಗೂ ಪಿ. ವಿ. ಸಿಂಧು ರಿಯೊ ಒಲಿಂಪಿಕ್ಸ್‌ನ ಬೆಳ್ಳಿಗೂ ಹೋದರು. ನಾಟೇಕರ್ ಕಾಲದಲ್ಲಿ ಇಲ್ಲದಿದ್ದ ಸಾಲು ಈಗ ಕಾಣತೊಡಗಿತು.

ಆಟ ಸುಧಾರಿಸಬೇಕಾದರೆ ಆಡಳಿತವೂ ಸುಧಾರಿಸಬೇಕೆಂಬ ಹಟದಿಂದ 1997ರಲ್ಲಿ ಪ್ರಕಾಶ್ ರಾಷ್ಟ್ರೀಯ ಸಂಸ್ಥೆಯ ವಿರುದ್ಧ ಸೆಟೆದು ನಿಂತು, ಇಂಡಿಯನ್ ಬ್ಯಾಡ್ಮಿಂಟನ್ ಕಾನ್ಫೆಡರೇಷನ್ ಎಂಬ ಪರ್ಯಾಯ ಸಂಸ್ಥೆಯ ಮುಂದಾಳಾದರು. ಅಂಕಣದಲ್ಲಿ ದನಿಯೆತ್ತದ, ತೀರ್ಪುಗಾರರ ಜೊತೆ ವಾದಿಸದ ಮನುಷ್ಯ ಬಹಿರಂಗವಾಗಿ ಜಗಳಕ್ಕೆ ನಿಂತದ್ದು ಆಗಿನ ದೊಡ್ಡ ಸುದ್ದಿ. ಬಿರುಕು ಮುಂದೆ ರಾಜಿಯಲ್ಲಿ ಮುಗಿಯಿತು. 2001ರಲ್ಲಿ ಬಿಲಿಯರ್ಡ್ಸ್ ಚಾಂಪಿಯನ್ ಗೀತ್ ಸೇಠಿ ಜೊತೆಗೂಡಿ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಎಂಬ ಸಂಸ್ಥೆ ಕಟ್ಟಿದರು. ಬೇರೆ ಬೇರೆ ಆಟಗಳ ಕ್ರೀಡಾಪಟುಗಳಿಗೆ ತರಬೇತಿ, ವೈದ್ಯಕೀಯ ನೆರವು ಒದಗಿಸುವುದು ಅದರ ಕೆಲಸ.

ಅಕಾಡೆಮಿಯ ನಡುಗಾಲದಲ್ಲಿ ಕನ್ನಡಿಗರ ಹೆಸರೂ ಕೇಳಿಬಂತು. ಅನೂಪ್ ಶ್ರೀಧರ್ 2007ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನ ಚಿನ್ನ ಗೆದ್ದಿದ್ದ ತೌಫಿಕ್ ಹಿದಾಯತ್‌ರನ್ನು ಮಣಿಸಿದರು. ಅರವಿಂದ್ ಭಟ್ 34ನೇ ವಯಸ್ಸಿನಲ್ಲಿ, ಹೆಚ್ಚಿನವರು ರ್‍ಯಾಕೆಟ್ ಕೆಳಗಿಡುವ ಹೊತ್ತಿಗೆ, 2014ರ ಜರ್ಮನ್ ಓಪನ್ ಗೆದ್ದರು. ಅದೇ ವರ್ಷ ಸೈನಾ ಹೈದರಾಬಾದ್ ಬಿಟ್ಟು ಬೆಂಗಳೂರಿಗೆ, ವಿಮಲ್ ಕುಮಾರ್ ಬಳಿಗೆ ಬಂದರು. 2015ರಲ್ಲಿ ಅವರು ವಿಶ್ವದ ಒಂದನೇ ರ್‍ಯಾಂಕ್ ಮುಟ್ಟಿದ್ದು ಇಲ್ಲಿಂದ. ಅಕಾಡೆಮಿ ಮುಂದೆ ವಸಂತನಗರದಿಂದ ಯಲಹಂಕದ ಆಚೆಯ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರಕ್ಕೆ ಸ್ಥಳಾಂತರಗೊಂಡಿತು. ಮತ್ತೊಬ್ಬ ಬೆಂಗಳೂರಿಗ, ರಾಹುಲ್ ದ್ರಾವಿಡ್ ಕೂಡ ಬ್ಯಾಟ್ ಕೆಳಗಿಟ್ಟು ಹುಡುಗರನ್ನು ತಿದ್ದುವ ಕೆಲಸಕ್ಕೆ ಇಳಿದವರೇ.

ಉತ್ತರಾಖಂಡದ ಅಲ್ಮೋರಾದ ಲಕ್ಷ್ಯ ಸೇನ್ ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಅಣ್ಣ ಚಿರಾಗ್ ಜೊತೆ ಈ ಅಕಾಡೆಮಿಗೆ ಬಂದ ಹುಡುಗ. 2018ರಲ್ಲಿ ಏಷ್ಯಾ ಜೂನಿಯರ್ ಚಾಂಪಿಯನ್, 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, 2022ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಅಲ್ಲಿ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್‌ಗೆ ಸೋತರೂ ಎರಡೇ ತಿಂಗಳಲ್ಲಿ ಬ್ಯಾಂಕಾಕ್‌ನ ಥಾಮಸ್ ಕಪ್ ಫೈನಲ್‌ನಲ್ಲಿ ಮೊದಲ ಪಂದ್ಯ ಆಡುವ ಹೊಣೆ ಅವರ ಮೇಲೆ ಬಿತ್ತು. ಪ್ರಕಾಶರ ಕಾಲದ ತಂಡ 1979ರಲ್ಲಿ ಸೆಮಿಫೈನಲ್‌ನಲ್ಲಿ ನಿಂತಿದ್ದ ಟೂರ್ನಿಯದು. ಇಂಡೊನೇಷ್ಯಾದ ಆಂಥೊನಿ ಗಿಂಟಿಂಗ್ ಎದುರು ಮೊದಲ ಗೇಮ್ 8-21ರಿಂದ ಕೈಬಿಟ್ಟಿತು. ಲಕ್ಷ್ಯ ಉಳಿದೆರಡನ್ನು 21-17, 21-16ರಿಂದ ಗೆದ್ದರು. ಮೇ 15ರಂದು ಭಾರತ 3-0 ಅಂತರದಲ್ಲಿ ಮೊದಲ ಬಾರಿಗೆ ಥಾಮಸ್ ಕಪ್ ಎತ್ತಿತು. ಕಿಂಗ್ ಮತ್ತು ಹಾರ್ಟೊನೊ ಅವರ ದೇಶದ ಮೇಲೆ ದೊರೆತ ಆ ಗೆಲುವನ್ನು, ಅವರಿಬ್ಬರ ಕಾಲದಲ್ಲಿ ಒಬ್ಬನೇ ನಿಂತು ಆಡಿದ ಪ್ರಕಾಶರಷ್ಟು ಚೆನ್ನಾಗಿ ತೂಗಬಲ್ಲವರು ಕಡಿಮೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಪ್ರಕಾಶ್ ತರಬೇತುದಾರರಾಗಿ ಹೋದಾಗ ಅವರಿಗೆ 69 ವರ್ಷ. ಅಂಕಣದ ಅಂಚಿನ ಕುರ್ಚಿಯಲ್ಲಿ ಕುಳಿತು, ಗೇಮ್‌ಗಳ ನಡುವಿನ ಸಣ್ಣ ವಿರಾಮದಲ್ಲಿ ತಗ್ಗಿದ ದನಿಯಲ್ಲಿ ಎರಡು ಮಾತು ಹೇಳುವುದು ಅವರ ಕ್ರಮ. ಪಂದ್ಯಗಳು ಮುಗಿಯುವವರೆಗೆ ಲಕ್ಷ್ಯನ ಮೊಬೈಲ್ ಫೋನನ್ನು ಅವರು ತೆಗೆದಿರಿಸಿಕೊಂಡಿದ್ದರು. ಲಕ್ಷ್ಯ ಇಂಡೊನೇಷ್ಯಾದ ಜೊನಾತನ್ ಕ್ರಿಸ್ಟಿ, ತೈವಾನಿನ ಚೌ ತಿಯೆನ್ ಚೆನ್ ಅವರನ್ನು ದಾಟಿ, ಒಲಿಂಪಿಕ್ ಸಿಂಗಲ್ಸ್‌ನ ಸೆಮಿಫೈನಲ್ ತಲುಪಿದ ಮೊದಲ ಭಾರತೀಯ ಪುರುಷನಾದರು. ಸೆಮಿಫೈನಲ್‌ನಲ್ಲಿ ಮತ್ತೆ ಆಕ್ಸೆಲ್ಸನ್, ಮತ್ತೆ ಸೋಲು. ಆಗಸ್ಟ್ 5ರ ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಝೀ ಜಿಯಾ ವಿರುದ್ಧ ಮೊದಲ ಗೇಮನ್ನು 21-13ರಿಂದ ಗೆದ್ದು, ಎರಡನೆಯದರಲ್ಲಿ ಮುನ್ನಡೆ ಕಂಡು, ಕೊನೆಗೆ 16-21, 11-21ರಿಂದ ಪಂದ್ಯ ಬಿಟ್ಟುಕೊಟ್ಟರು.

ಅದಾದ ಮೇಲೆ ಪ್ರಕಾಶ್ ಆಡಿದ ಮಾತು ದೇಶದಲ್ಲಿ ಚರ್ಚೆ ಎಬ್ಬಿಸಿತು. ಸರ್ಕಾರ, ಸಂಸ್ಥೆಗಳು ಕೇಳಿದ ಸೌಲಭ್ಯ ಕೊಟ್ಟಿವೆ, ಇನ್ನು ಆಟಗಾರರು ಹೊಣೆ ಹೊರಬೇಕು, ಅಪೇಕ್ಷಿಸಿದ ದಿನ ಗೆದ್ದು ತೋರಿಸಬೇಕು, ಮನಸ್ಸಿನ ತಯಾರಿಗೂ ದೇಹದ ತಯಾರಿಯಷ್ಟೇ ಗಮನ ಕೊಡಬೇಕು ಎಂಬುದು ಅದರ ಸಾರ. ಸೋತ ಆಟಗಾರನನ್ನೇ ಬೊಟ್ಟು ಮಾಡುವುದು ಸರಿಯೇ ಎಂದು ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿ ಪ್ರಶ್ನಿಸಿದರು. ಅಶ್ವಿನಿಯವರ ಪ್ರಶ್ನೆಗೆ ತೂಕವಿತ್ತು. ಸೌಲಭ್ಯವೇ ಇಲ್ಲದ ಕಾಲದಲ್ಲಿ ಆಡಿದವರ ಅಳತೆಗೋಲು ಹೊಸ ತಲೆಮಾರಿಗೆ ಕಠಿಣವೆನಿಸುವುದು ಸಹಜ. ಆದರೆ ಆ ಮಾತು ಗ್ಯಾಲರಿಯಿಂದ ಬಂದದ್ದಲ್ಲ. ಪಂದ್ಯಗಳುದ್ದಕ್ಕೂ ಅದೇ ಅಂಕಣದ ಅಂಚಿನಲ್ಲಿ ಕುಳಿತಿದ್ದವರಿಂದ ಬಂದದ್ದು.

ನಾಲ್ಕು ತಿಂಗಳ ತರುವಾಯ, ಡಿಸೆಂಬರ್ 1ರಂದು, ಲಕ್ಷ್ಯ ಲಖನೌದಲ್ಲಿ ಸಿಂಗಪುರದ ಜೇಸನ್ ತೆಹ್ ವಿರುದ್ಧ 21-6, 21-7ರಿಂದ ಫೈನಲ್ ಗೆದ್ದರು. ಆ ಟೂರ್ನಿ ನಡೆಯುವುದು ಸೈಯದ್ ಮೋದಿ ಹೆಸರಿನಲ್ಲಿ.